ಫರ್ಗಾಟನ್ ರೆಲ್ಮ್ಸ್ ಲೋಕವನ್ನು ಕತ್ತಲೆಗೆ ತಿರುಗಿಸುವುದು: ಎಲ್ಲಿಂದ ಶುರು ಮಾಡಬೇಕು?

ಬದಿಯಡ್ಕ_ದಾಳ:

ಮೇಜಿನ ಸುತ್ತ ಕೂತು ದಾಳ ಹಾಕಿ ಕಥೆ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿ, 2014ರ ನಿಯಮ. ಲೋಕ ಅದರದ್ದೇ ಫರ್ಗಾಟನ್ ರೆಲ್ಮ್ಸ್, ಆಡಿಸುವವನು (ಡಿಎಂ) ನಾನು. ಬದಿಯಡ್ಕ, ಪೆರ್ಲ ಕಡೆಯ ನಾಲ್ಕು ಜನ ಆಟಗಾರರು: ವಿಝರ್ಡ್ (ಮಾಂತ್ರಿಕ), ಡ್ರುಯಿಡ್ (ಕಾಡಿನ ಮಾಂತ್ರಿಕ), ಪ್ಯಾಲಡಿನ್ (ದೈವಬಲದ ಯೋಧ), ರೋಗ್ (ಕಳ್ಳ). ಎಲ್ಲರೂ ಐದನೇ ಲೆವೆಲಿನಿಂದ ಶುರು. ಮಳೆಗಾಲದ ಕ್ಯಾಂಪೇನಿಗೆ (ಸರಣಿ ಕಥೆಗೆ) ಆ ಲೋಕದ ದೊಡ್ಡ ಪಟ್ಟಣ ವಾಟರ್‌ಡೀಪ್ ಸುತ್ತಲಿನ ಜಾಗವನ್ನೇ ಇಟ್ಟುಕೊಳ್ಳುವ ಅಂತ ಉಂಟು, ಆದರೆ ಲೋಕ ಕಪ್ಪಾಗಬೇಕು. ಊರೂರಿಗೆ ಹೆಣಗಳು ಏಳುವುದು, ದೇವತೆಗಳೆಲ್ಲ ದುಷ್ಟರಾಗುವುದು ಹೀಗೆ ಏನೇನೋ ಪಟ್ಟಿ ಮಾಡಿಟ್ಟಿದ್ದೇನೆ. ಯಾವುದನ್ನು ಇಡಲಿ, ಯಾವುದನ್ನು ಬಿಡಲಿ? ನಿಯಮಗಳಲ್ಲಿ ಎಂತ ಬದಲಿಸಬೇಕು? ಇನ್ನೊಂದು, ನಮ್ಮ ಕಡೆಯ ನೀರಿನ ಸುರಂಗಗಳನ್ನು ಡಂಜನ್ ಮಾಡಿದರೆ ನಡೆಯುತ್ತದಾ?

ಪಯಸ್ವಿನಿ:

ಪಟ್ಟಿಯನ್ನು ಪೂರ್ತಿ ಬಿಡಿ ಮಾರಾಯ್ರೆ. ಐದನೇ ಲೆವೆಲಿನವರಿಗೆ ಹೆಣಗಳು ಹೆಚ್ಚು ಬಂದರೆ ಎಕ್ಸ್‌ಪಿ (ಅನುಭವದ ಅಂಕ) ಹೆಚ್ಚು ಬರುತ್ತದೆ, ಹೆದರಿಕೆ ಬರುವುದಿಲ್ಲ. ಲೋಕ ನಿಂತಿರುವ ಕಂಬಗಳಲ್ಲಿ ಒಂದನ್ನು, ಒಂದನ್ನು ಮಾತ್ರ, ತೆಗೆಯಿರಿ. ಆಮೇಲೆ ಎಲ್ಲೆಲ್ಲಿ ಬಿರುಕು ಬೀಳುತ್ತದೆ ಅಂತ ಕೂತು ಯೋಚಿಸಿ. ಇದೇ ಆಟಕ್ಕೆ 1991ರಲ್ಲಿ ಬಂದ ಡಾರ್ಕ್ ಸನ್ ಲೋಕ ಈಗಲೂ ಮೈ ನಡುಗಿಸುವುದು ಹಾಗೇ. ಅಲ್ಲಿ ದೇವರಿಲ್ಲ, ಕಬ್ಬಿಣ ಇಲ್ಲವೆನ್ನುವಷ್ಟು ಕಮ್ಮಿ, ಮಂತ್ರ ಹಾಕಿದರೆ ಗಿಡಮರ ಸಾಯುತ್ತವೆ. ಉಳಿದದ್ದೆಲ್ಲ ಅದರಿಂದಲೇ ಹುಟ್ಟಿದ್ದು.

ರೆಲ್ಮ್ಸ್‌ನಲ್ಲಿ ತೆಗೆಯಲು ಸುಲಭದ ಕಂಬ ಮಂತ್ರವಿದ್ಯೆಯ ದೇವಿ ಮಿಸ್ಟ್ರಾ. ಮೂಲ ಕಥೆಯಲ್ಲಿ ಆ ಲೋಕದ ಲೆಕ್ಕದ 1358ರಲ್ಲಿ ದೇವತೆಗಳು ಭೂಮಿಗೆ ಬಿದ್ದಾಗ ಅವಳು ಸಾಯುತ್ತಾಳೆ, ಮಿಡ್‌ನೈಟ್ ಎಂಬ ಮಾಂತ್ರಿಕೆ ಆ ಸ್ಥಾನಕ್ಕೆ ಏರುತ್ತಾಳೆ. ನಿಮ್ಮಲ್ಲಿ ಏರಲೇ ಇಲ್ಲ. ಮಾಂತ್ರಿಕರು ಶಕ್ತಿ ಪಡೆಯುವ ಮಂತ್ರದ ನೇಯ್ಗೆ ಹರಿದೇ ಉಳಿಯಿತು. ಆಟ 1368ಕ್ಕೆ ಶುರು ಮಾಡಿ. ಹತ್ತು ವರ್ಷ ಸಾಕು, ಹಳೆಯ ಲೋಕ ಹೇಗಿತ್ತು ಅಂತ ಹೇಳುವವರು ಪ್ರತಿ ಮನೆಯಲ್ಲೂ ಇರುತ್ತಾರೆ.

ಇದಕ್ಕೆ ಒಂದೇ ನಿಯಮ ಸಾಕು. ನೇಯ್ಗೆ ಇಲ್ಲದ ಮೇಲೆ ಮಂತ್ರದ ಶಕ್ತಿ ಎಲ್ಲಿಂದಾದರೂ ಬರಬೇಕಲ್ಲ? ಸ್ಪೆಲ್ಲಿನ (ಮಂತ್ರದ) ಪ್ರತಿ ಲೆವೆಲಿಗೆ ಒಂದು ಹಿಟ್ ಡೈಸ್ (ವಿಶ್ರಾಂತಿಯಲ್ಲಿ ಗಾಯ ಮಾಗಿಸುವ ದಾಳ) ಕೊಡಬೇಕು. ಕೊಡದಿದ್ದರೆ ಲೆವೆಲಿಗೆ ಹತ್ತಡಿಯಂತೆ ಸುತ್ತಲಿನ ಹಸಿರು ಸಾಯುತ್ತದೆ, ಒಂದು ವರ್ಷ ಅಲ್ಲಿ ಏನೂ ಹುಟ್ಟುವುದಿಲ್ಲ. ಕ್ಯಾಂಟ್ರಿಪ್ ಎಂಬ ಪುಟ್ಟ ಮಂತ್ರಕ್ಕೆ ಬೆಲೆ ಇಲ್ಲ. ಈಗ ಲೆಕ್ಕ ನೋಡಿ. ಐದನೇ ಲೆವೆಲಿನ ವಿಝರ್ಡ್‌ಗೆ ಸ್ಲಾಟ್ (ಮಂತ್ರ ಹಾಕುವ ಅವಕಾಶ) ಒಂದನೇ, ಎರಡನೇ, ಮೂರನೇ ಲೆವೆಲಿಗೆ 4, 3, 2, ಅಂದರೆ ಒಟ್ಟು 16 ಲೆವೆಲಿನ ಮಂತ್ರ. ಹಿಟ್ ಡೈಸ್ ಐದೇ. ಲಾಂಗ್ ರೆಸ್ಟ್ (ರಾತ್ರಿಯ ಪೂರ್ತಿ ವಿಶ್ರಾಂತಿ) ಆದರೂ ವಾಪಸ್ ಬರುವುದು ಅದರ ಅರ್ಧ, ಎರಡು. ಉಳಿದದ್ದನ್ನು ಯಾರದ್ದೋ ಗದ್ದೆ ಕೊಡುತ್ತದೆ. ಒಂದು ಫೈರ್‌ಬಾಲ್ (ಮೂರನೇ ಲೆವೆಲಿನ ಬೆಂಕಿಯ ಮಂತ್ರ) ಅಂದರೆ ಮೂವತ್ತಡಿ ತ್ರಿಜ್ಯ, ನಮ್ಮ ಲೆಕ್ಕದಲ್ಲಿ ಆರೂವರೆ ಸೆಂಟ್ ಜಾಗ ಸುಡುಗಾಡು. ಡ್ರುಯಿಡ್‌ಗೂ ಅದೇ 16, ಅದೇ ಐದು. ನಿಮ್ಮ ಕ್ಯಾಂಪೇನಿನ ಜೀವ ಅವನ ಹತ್ತಿರ ಇರುತ್ತದೆ ಅಂತ ನನಗೆ ತೋರುತ್ತದೆ.

ಇಷ್ಟಾದ ಮೇಲೆ ಊರುಗಳು ತಾವೇ ಬದಲಾಗುತ್ತವೆ. ಹಳ್ಳಿಯವರು ಟೊಪ್ಪಿ ಹಾಕಿದ ಮುದುಕರನ್ನು ಕಂಡರೆ ಕಲ್ಲು ಹೊಡೆಯುತ್ತಾರೆ. ವಾಟರ್‌ಡೀಪ್‌ನ ಶ್ರೀಮಂತರು ಮಂತ್ರದಿಂದ ವಾಸಿಯಾಗಬೇಕಾದರೆ ಕೋಟೆಯ ಹೊರಗಿನ ಬಡವರ ಹೊಲದಲ್ಲಿ ಮಂಚ ಹಾಕಿಸುತ್ತಾರೆ. ಆ ಊರನ್ನು ಆಳುವವರು ಮೊದಲಿನಿಂದಲೂ ಮುಖವಾಡದವರು, ಅದನ್ನು ಮುಟ್ಟುವುದೇ ಬೇಡ. ಅಪ್ಪಣೆ ಕೊಟ್ಟದ್ದು ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟು ಸಾಕು.

ಕೆಡುವುದು ಎಲ್ಲಿ ಅಂದರೆ, ವಿಝರ್ಡ್ ಮಂತ್ರ ಹಾಕುವುದನ್ನೇ ಬಿಟ್ಟು ಕ್ರಾಸ್‌ಬೋ ಹಿಡಿದು ಕೂರುತ್ತಾನೆ. ಹಾಗಾಗಿ ಮಂತ್ರ ಹಾಕದಿದ್ದರೂ ನಷ್ಟ ಆಗುವಂಥ ಸಂದರ್ಭ ಸೆಷನ್ನಿಗೆ ಒಂದಾದರೂ ಇರಲಿ.

ಬದಿಯಡ್ಕ_ದಾಳ:

ಸೆಂಟ್ ಲೆಕ್ಕ ನೋಡಿ ನಗು ಬಂತು, ಆಮೇಲೆ ಬರಲಿಲ್ಲ. ಪ್ಯಾಲಡಿನ್ ಸ್ಮೈಟ್‌ಗೂ (ಸ್ಲಾಟ್ ಕೊಟ್ಟು ಹೊಡೆತದ ಪೆಟ್ಟು ಹೆಚ್ಚಿಸುವುದಕ್ಕೂ) ಬೆಲೆ ಉಂಟಾ? ನಮ್ಮವನು ಸ್ಲಾಟ್ ಎಲ್ಲ ಅದಕ್ಕೇ ಸುರಿಯುವುದು.

ಪಯಸ್ವಿನಿ:

ಉಂಟು. ಅವನದ್ದು 4, 2 ಸ್ಲಾಟ್, ಒಟ್ಟು 8 ಲೆವೆಲ್. ವಿಝರ್ಡ್‌ಗಿಂತ ಕಮ್ಮಿ ಪೆಟ್ಟು. ವಿನಾಯಿತಿ ಕೊಟ್ಟರೆ ಮೂರನೇ ಸೆಷನ್ನಿಗೆ ಎಲ್ಲರೂ ಪ್ಯಾಲಡಿನ್ ಆಗುತ್ತೇವೆ ಅನ್ನುತ್ತಾರೆ.

ಮಂಜೇಶ್ವರ_ಕಪ್ಪುಕುದುರೆ:

ಮೇಲಿನದ್ದಕ್ಕೆ ಸೇರಿಸುವುದು: ಕತ್ತಲೆಯನ್ನು ತಿಂದು ಹಾಕುವ ಸ್ಪೆಲ್‌ಗಳನ್ನು ಮೊದಲೇ ಹಿಡಿದಿಡಿ. ಗುಡ್‌ಬೆರಿ ಮೊದಲನೇ ಲೆವೆಲಿನದು. ಹತ್ತು ಹಣ್ಣು, ಒಂದು ಹಣ್ಣಿಗೆ ಒಬ್ಬನ ಒಂದು ದಿನದ ಊಟ. ಬರಗಾಲದ ಕಥೆ ಅಲ್ಲಿಗೆ ಮುಗಿಯಿತು. ಸ್ಪೆಲ್ ತೆಗೆಯಬೇಡಿ, ಡ್ರುಯಿಡ್‌ಗೆ ಬೇಸರ ಆಗುತ್ತದೆ. ಅದಕ್ಕೆ ಬೇಕಾದ ಮಿಸ್ಲ್‌ಟೋ (ಬಂದಳಿಕೆ) ಕಡ್ಡಿ ಪ್ರತಿ ಸಲ ಖರ್ಚಾಗುತ್ತದೆ ಅಂತ ಮಾಡಿ, ಕಡ್ಡಿ ಸಿಗುವ ಮರಗಳು ಎಷ್ಟು ಅಂತ ನಕ್ಷೆಯಲ್ಲಿ ಗುರುತಿಸಿ. ಔಟ್‌ಲ್ಯಾಂಡರ್ (ಕಾಡುಮೇಡಿನವ) ಎಂಬ ಹಿನ್ನೆಲೆ ತೆಗೆದುಕೊಂಡವನು ತನಗೂ ಇನ್ನೈದು ಜನಕ್ಕೂ ದಿನಾ ಆಹಾರ ಹುಡುಕಬಲ್ಲ. ಅದನ್ನೂ ಮೊದಲೇ ಮಾತಾಡಿಕೊಳ್ಳಿ.

ಸತ್ತವರನ್ನು ಬದುಕಿಸುವ ರೇಸ್ ಡೆಡ್ ಮಂತ್ರಕ್ಕೆ 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಸತ್ತು ಹತ್ತು ದಿನ ಮೀರಬಾರದು. ಬೆಲೆ ಏರಿಸುವುದು ದಂಡ, ಆಟಗಾರರ ಪಾರ್ಟಿ ಹೇಗಾದರೂ ದುಡ್ಡು ಮಾಡುತ್ತದೆ. ಇಡೀ ಊರಲ್ಲಿ ಮೂರೇ ವಜ್ರ, ಯಾರ್ಯಾರ ಹತ್ತಿರ ಅಂತ ಎಲ್ಲರಿಗೂ ಗೊತ್ತು ಅಂತ ಮಾಡಿ.

ಏಳು ದಿನದ ಲಾಂಗ್ ರೆಸ್ಟ್ ಆಯ್ಕೆ ಡಿಎಂ ಪುಸ್ತಕದಲ್ಲೇ ಉಂಟು, ಆದರೆ ಹಿಟ್ ಡೈಸ್ ನಿಯಮದ ಜೊತೆಗೆ ಅದು ಬೇಡ. ಅದರಲ್ಲಿ ಶಾರ್ಟ್ ರೆಸ್ಟ್ (ಸಣ್ಣ ವಿಶ್ರಾಂತಿ) ಎಂಟು ಗಂಟೆ ಆದಾಗ ಎಂಟೇ ಗಂಟೆ ಬಾಳುವ ಮೇಜ್ ಆರ್ಮರ್ ಎಂಬ ರಕ್ಷಣೆಯ ಮಂತ್ರ ಅಲ್ಲಿಗೇ ಕರಗಿತು. ಗೋಡೆ ಇರುವ ಊರಲ್ಲಿ ಮಾತ್ರ ಲಾಂಗ್ ರೆಸ್ಟ್ ಅಂದರೆ ಅದೇ ಬಿಗಿ ಬರುತ್ತದೆ.

ಸುರಂಗ ಖಂಡಿತ ನಡೆಯುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು, ಒಬ್ಬ ಮಾತ್ರ ನಡೆಯುವ ಅಗಲ, ಕಾಲಡಿಯಲ್ಲಿ ನೀರು. ಮನುಷ್ಯನ ಗಾತ್ರದವರಿಗೆ ಇಕ್ಕಟ್ಟಿನ ನಿಯಮ ಹಾಕಿ: ಒಂದಡಿ ಸರಿಯಲು ಎರಡಡಿ ವೇಗ ಖರ್ಚು, ಹೊಡೆತಕ್ಕೂ ಡೆಕ್ಸ್ ಸೇವ್‌ಗೂ (ಚುರುಕಿನಿಂದ ತಪ್ಪಿಸಿಕೊಳ್ಳುವ ದಾಳಕ್ಕೂ) ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಕಮ್ಮಿಯದ್ದು), ಎದುರಿನವನಿಗೆ ಅಡ್ವಾಂಟೇಜ್ (ಹೆಚ್ಚಿನದ್ದು). ಗಾಬ್ಲಿನ್ ಎಂಬ ದುಷ್ಟ ಜೀವಿಗಳಿಗೆ ಇದು ಬೇಡ, ಅವು ಸಣ್ಣವು. ಆಗ ನಾಲ್ಕು ಗಾಬ್ಲಿನ್ ಸಾಕು. ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಕಣ್ಣು) ಇದ್ದವರಿಗೂ ಪೂರ್ತಿ ಕತ್ತಲೆ ಮಂಕು ಬೆಳಕಿನಂತೆ ಮಾತ್ರ, ಕಣ್ಣಿನ ಪರ್ಸೆಪ್ಷನ್‌ಗೆ (ಗಮನಿಸುವ ದಾಳಕ್ಕೆ) ಡಿಸ್‌ಅಡ್ವಾಂಟೇಜ್, ಪ್ಯಾಸಿವ್‌ನಲ್ಲಿ (ದಾಳ ಹಾಕದೆ ಗಮನಿಸುವ ಅಂಕದಲ್ಲಿ) ಐದು ಕಳೆಯಿರಿ. ಹೆಚ್ಚಿನ ಡಿಎಂಗಳು ಇದನ್ನು ಮರೆತು ಡಾರ್ಕ್‌ವಿಷನ್ ಇರುವ ಎಲ್ಫ್‌ಗೆ ಹಗಲೇ ಕೊಟ್ಟುಬಿಡುತ್ತಾರೆ. ಒಳಗೆ ಮಂತ್ರ ಹಾಕಿದರೆ ಸಾಯುವುದು ಮೇಲಿನ ಗುಡ್ಡದ ಬೇರು. ಹೊರಗೆ ಬಂದು ನೋಡುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಕುಂಬಳೆ_ಆರ್ಭಟೆ:

ನಿಯಮದ ಮಾತು ಆಯ್ತು. ಮೇಜಿನ ಮಾತು ಎರಡು.

ಆಟಗಾರರಿಗೆ ಹಳೆಯ ವಾಟರ್‌ಡೀಪ್ ಗೊತ್ತಿಲ್ಲದಿದ್ದರೆ ಅದು ಕೆಟ್ಟದ್ದು ಯಾರಿಗೆ ನಾಟಬೇಕು? ಈಗಿನವರಲ್ಲಿ ತುಂಬ ಜನಕ್ಕೆ ಈ ಲೋಕ ಗೊತ್ತಿರುವುದು 2023ರ ಬಾಲ್ಡರ್ಸ್ ಗೇಟ್ 3 ಕಂಪ್ಯೂಟರ್ ಆಟದಿಂದ. ಮೊದಲ ಸೆಷನ್ ಪೂರ್ತಿ 1358ರ ಮೊದಲಿನದು ಆಡಿಸಿ. ಸಂತೆ, ಹೋಟೆಲು, ಹಾಡು, ಎಲ್ಲ ಇರಲಿ, ಐದಾರು ಜನರಿಗೆ ಹೆಸರು ಕೊಡಿ. ಎರಡನೇ ಸೆಷನ್ನಿಗೆ ಹತ್ತು ವರ್ಷ ಹಾರಿ ಅದೇ ಜನರನ್ನು ತೋರಿಸಿ. ವಾಟರ್‌ಡೀಪ್ ಇರುವ ಇಡೀ ಸ್ವೋರ್ಡ್ ಕೋಸ್ಟ್ ಕರಾವಳಿ ಬರೆಯುವ ಹುಚ್ಚು ಬೇಡ, ಎರಡು ದಿನ ನಡೆದು ಮುಟ್ಟುವ ಮೂರು ಹಳ್ಳಿ ಸಾಕು.

ದುಷ್ಟನನ್ನು ತರುವ ರೀತಿ ನಮಗೆ ಹೊಸದಲ್ಲ. ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವುದನ್ನು ನೆನೆಸಿಕೊಳ್ಳಿ. ಮೊದಲು ಆರ್ಭಟೆ, ಆಮೇಲೆ ತೆರೆಯ ಹಿಂದೆ ಕಿರೀಟ, ರಾಳದ ಬೆಂಕಿ, ಕೊನೆಗೆ ಮುಖ. ಒಂದು ಸೆಷನ್ನಿಗೆ ಒಂದು ಹಂತ. ಮುಖ ಕಂಡ ದಿನವೇ ಇನಿಶಿಯೇಟಿವ್ (ಕಾಳಗದ ಸರದಿಯ ದಾಳ) ಹಾಕಿಸಬೇಕು ಅಂತ ಇಲ್ಲ.

ಆದರೆ ಪಂಜುರ್ಲಿ, ಗುಳಿಗ ಅಂತ ನಮ್ಮ ದೈವಗಳ ಹೆಸರಿಟ್ಟು ಹಿಟ್ ಪಾಯಿಂಟ್ (ಜೀವದ ಅಂಕ) ಬರೆಯಬೇಡಿ. ಕೂತವರಲ್ಲಿ ಒಬ್ಬರ ಮನೆಯಲ್ಲಾದರೂ ಕೋಲ ಇರುತ್ತದೆ. ಮೊದಲ ದಿನವೇ ಒಂದು ಕಾಗದದಲ್ಲಿ ಎರಡು ಸಾಲು ಎಳೆಯಿರಿ: ಆಟದಲ್ಲಿ ಬರಲೇಬಾರದ್ದು, ಬಂದರೂ ವಿವರಿಸಬಾರದ್ದು. ಹೆಸರು ಬರೆಯದೆ ತುಂಬಲಿ, ಡಿಎಂ ಕೂಡ ತುಂಬಲಿ.

ಬದಿಯಡ್ಕ_ದಾಳ:

ಸೊನ್ನೆ ಹಿಟ್ ಪಾಯಿಂಟ್‌ಗೆ ಇಳಿದಾಗಲೆಲ್ಲ ಒಂದು ಲೆವೆಲ್ ಎಕ್ಸಾಶನ್ (ಬಳಲಿಕೆ) ಕೊಡುವುದು ಹೇಗೆ?

ಮಂಜೇಶ್ವರ_ಕಪ್ಪುಕುದುರೆ:

ಊರಲ್ಲಿ ಮಾತ್ರ ಲಾಂಗ್ ರೆಸ್ಟ್ ಅಂತ ಇಟ್ಟರೆ ಅದು ಬೇಡ. ಒಂದು ಲಾಂಗ್ ರೆಸ್ಟ್‌ಗೆ ಒಂದೇ ಲೆವೆಲ್ ಇಳಿಯುವುದು. ಮೂರನೆಯದಕ್ಕೆ ಹೊಡೆತ, ಸೇವ್ ಎರಡಕ್ಕೂ ಡಿಸ್‌ಅಡ್ವಾಂಟೇಜ್, ಹಾಗಾಗಿ ಇನ್ನೂ ಬೇಗ ಬೀಳುತ್ತಾನೆ. ಆರನೆಯದಕ್ಕೆ ಸಾವು. ಪೆಟ್ಟು ಪೂರ್ತಿ ಮುಂದೆ ನಿಲ್ಲುವ ಪ್ಯಾಲಡಿನ್‌ಗೆ, ಹಿಂದಿನ ವಿಝರ್ಡ್‌ಗೆ ಏನೂ ಇಲ್ಲ. ಕೊಡಲೇಬೇಕು ಅಂತಿದ್ದರೆ ಒಂದು ದಿನದಲ್ಲಿ ಎರಡನೇ ಸಲ ಬಿದ್ದಾಗಿನಿಂದ ಎಣಿಸಿ.