ತೆಂಗಿನ ನಡುವೆ ಗೊಬ್ಬರದ ಗಿಡ: 200 ಗೂಟ ನೆಟ್ಟೆ, ಉಳಿದದ್ದು 31

ತಿಪಟೂರು_ತೋಟ:

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಹತ್ತಿರ ನಮ್ಮದು ಎರಡು ಎಕರೆ ತೆಂಗು, 95 ಮರ. ಮೇಲೆ ಕೆಂಪು ಮಣ್ಣು, ಎರಡಡಿ ಕೆಳಗೆ ಗರಸು. ಮುಂಚೆ ಮನೆಯಲ್ಲಿ ಎಂಟು ದನ ಇದ್ದವು, ಈಗ ಒಂದೇ ಹಸು. ಕೊಟ್ಟಿಗೆ ಗೊಬ್ಬರ ಮನೆ ಮುಂದಿನ ನಾಲ್ಕು ಮರಕ್ಕೆ ಮುಗಿದುಹೋಗುತ್ತದೆ.

ಅದಕ್ಕೇ ಹೋದ ವರ್ಷ ಸೊಪ್ಪು ಸವರಿ ಗೊಬ್ಬರಕ್ಕೆ ಹಾಕುವ ಗ್ಲಿರಿಸಿಡಿಯಾ ಗಿಡ ಹಾಕೋಣ ಎಂದುಕೊಂಡೆ. ಅರಸೀಕೆರೆಯಲ್ಲಿ ನಮ್ಮ ಮಾವನ ತೋಟದ ಬೇಲಿಯಿಂದ 200 ಗೂಟ ಕಡಿದು ಟೆಂಪೋದಲ್ಲಿ ತಂದೆ. ತಂದ ಮೇಲೆ ಮಳೆ ಕೈಕೊಟ್ಟಿತು. ಹತ್ತು ದಿನ ಹುಣಸೆ ಮರದ ನೆರಳಲ್ಲಿ ಒರಗಿಸಿಟ್ಟು, ಆಮೇಲೆ ಹಾರೆಯಲ್ಲಿ ಗುಳಿ ಹೊಡೆದು ನೆಟ್ಟೆ. ತಿಂಗಳೊಳಗೆ ಎಲ್ಲ ಚಿಗುರಿದವು! ಖುಷಿಗೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ. ಶಿವರಾತ್ರಿ ಹೊತ್ತಿಗೆ ಒಂದೊಂದೇ ಒಣಗಿದವು. ಒಂದನ್ನು ಕಿತ್ತು ನೋಡಿದರೆ ಬುಡದಲ್ಲಿ ಒಂದು ಬೇರೂ ಇಲ್ಲ. ಇಷ್ಟು ದಿನ ಗೂಟದೊಳಗಿನ ರಸದಲ್ಲೇ ಚಿಗುರಿತ್ತು ಅಂತ ಕಾಣುತ್ತದೆ.

ಅಪ್ಪ ಈಗ ದಿನಾ ಹೇಳುತ್ತಾರೆ, "ಹೋಗಲಿ ಬಿಡು, ಬದುಕಿದ್ದರೆ ತೆಂಗಿನ ನೀರನ್ನೆಲ್ಲ ಅದೇ ಕುಡೀತಿತ್ತು. ಸುಮ್ನೆ ಹುರುಳಿ ಚೆಲ್ಲು" ಅಂತ. ಮತ್ತೆ ನೆಡೋದಾ, ಬಿಡೋದಾ? ಒಂದು ಮರಕ್ಕೆ ಎಷ್ಟು ಸೊಪ್ಪು ಬೇಕು?

ಕಾಲುವೆ_ಕೊನೆ:

ಯಾಕೆ ಇಷ್ಟು ಕಷ್ಟ? ಹಸಿರು ಗೊಬ್ಬರದ ಡಯಾಂಚ ಬೀಜ ಚೆಲ್ಲಿ, ಹೂ ಬರುವಾಗ ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸಿ. 45 ದಿನದ ಕೆಲಸ. ನಾನು ಪ್ರತಿ ವರ್ಷ ಗದ್ದೆಗೆ ಹಾಗೇ ಮಾಡುವುದು.

ಬದುವಿನ_ಗಿಡ:

ಡಯಾಂಚ ಗದ್ದೆಗೆ ಸರಿ ಅಣ್ಣಾ, ನೀರು ನಿಂತರೂ ತಡೆಯುತ್ತದೆ. ಇವರದು ಗರಸು ನೆಲ. ಅಲ್ಲಿಗೆ ಅಪ್ಸೆಣಬು ವಾಸಿ. ಅದನ್ನೂ ಹೂವಾಡುವಾಗಲೇ ಮಣ್ಣಿಗೆ ಸೇರಿಸಬೇಕು. ತಡವಾದರೆ ಹಗ್ಗ ಹೊಸೆಯೋ ನಾರು ಅದು, ರೋಟವೇಟರಿಗೆ ಸುತ್ತಿಕೊಂಡು ಡ್ರೈವರ್ ಬೈಯುತ್ತಾನೆ. ನಾನು ಬೈಸಿಕೊಂಡಿದ್ದೇನೆ. ಆದರೆ ಇವೆರಡಕ್ಕೂ ವರ್ಷ ವರ್ಷ ಬೀಜ ಕೊಳ್ಳಬೇಕು, ಉಳಬೇಕು. ಗ್ಲಿರಿಸಿಡಿಯಾ ಒಮ್ಮೆ ಬೇರು ಬಿಟ್ಟರೆ ಹತ್ತಾರು ವರ್ಷ ಸೊಪ್ಪು ಕೊಡುತ್ತದೆ.

ತಿಪಟೂರು ತಮ್ಮಾ, ನಾನು ಹೊಸದುರ್ಗದ ಕಡೆಯವಳು. ನಿಮಗಿಂತ ಒಣ ಸೀಮೆ. ನನ್ನ ಮೊದಲ ಸಾಲೂ ನಿಮ್ಮ ಹಾಗೇ ಹೋಯಿತು. ಗೂಟವನ್ನು ಹತ್ತು ದಿನ ಇಟ್ಟಿದ್ದು ಮೊದಲ ತಪ್ಪು. ಕಡಿದ ದಿನವೇ ಇಲ್ಲವೇ ಮಾರನೇ ದಿನ ನೆಡಬೇಕು. ಹೆಬ್ಬೆರಳು ಗಾತ್ರದ ಎಳೇ ಕಡ್ಡಿ ಬೇಡ, ಮಣಿಕಟ್ಟಿನಷ್ಟು ದಪ್ಪ ಇರಬೇಕು. ಹಾರೆ ಗುಳಿಗೆ ಸುತ್ತಿಗೆಯಲ್ಲಿ ಹೊಡೆದು ಇಳಿಸಿದರೆ ಬುಡದ ತೊಗಟೆ ಸುಲಿಯುತ್ತದೆ. ಬೇರು ಬರುವುದೇ ಅಲ್ಲಿಂದ.

ಆದರೆ ನನ್ನ ಮಾತು ಕೇಳುವುದಾದರೆ ಗೂಟವೇ ಬೇಡ. ಬೀಜದ ಸಸಿ ಹಾಕಿ. ಗೂಟದ ಬೇರು ಮೇಲೆ ಮೇಲೆ ಹರಡುತ್ತದೆ. ಮಳೆ ಜಾಸ್ತಿ ಇರುವ ಕಡೆ ಅದು ನಡೆಯುತ್ತದೆ. ನಮ್ಮಲ್ಲಿ ಬೇಸಿಗೆಗೆ ಮೇಲಿನ ಮಣ್ಣು ಒಣಗಿದರೆ ಗಿಡವೂ ಹೋಯಿತು. ಬೀಜದ ಸಸಿ ತಾಯಿಬೇರು ಇಳಿಸುತ್ತದೆ, ಗರಸಿನ ಸಂದಿಯಲ್ಲೂ ಹೋಗುತ್ತದೆ. ಬೀಜ ರಾತ್ರಿಯಿಡೀ ನೆನೆಸಿ, ಪಾಲಿಥಿನ್ ಚೀಲಕ್ಕೆ ಎರಡೆರಡು ಹಾಕಿ. ವಾರ ಹತ್ತು ದಿನದಲ್ಲಿ ಮೊಳಕೆ. ಏಪ್ರಿಲ್‌ನಲ್ಲಿ ಹಾಕಿದರೆ ಜುಲೈಗೆ ನೆಡಲು ಬರುತ್ತದೆ.

ಇನ್ನು ಲೆಕ್ಕ. ತೆಂಗಿಗೆ ಹೇಳುವ ಗೊಬ್ಬರ ವರ್ಷಕ್ಕೆ ಒಂದು ಮರಕ್ಕೆ ಸಾರಜನಕ 500 ಗ್ರಾಂ, ರಂಜಕ 320, ಪೊಟ್ಯಾಷ್ 1200. ನೂರು ಕೆಜಿ ಹಸಿ ಸೊಪ್ಪು ಒಣಗಿದರೆ ಇಪ್ಪತ್ತು ಇಪ್ಪತ್ತೈದು ಕೆಜಿ. ಅದರಲ್ಲಿ ಸಾರಜನಕ ಮುಕ್ಕಾಲು ಕೆಜಿ ಹತ್ತಿರ. ಅಂದರೆ ಮರವೊಂದಕ್ಕೆ ವರ್ಷಕ್ಕೆ ಎಪ್ಪತ್ತು ಕೆಜಿ ಸೊಪ್ಪು, ನಿಮ್ಮ 95 ಮರಕ್ಕೆ ಆರೂವರೆ ಟನ್. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಎರಡು ಸಾಲಿನ ನಡುವೆ ಮೀಟರಿಗೊಂದರಂತೆ ಮೂರು ಸಾಲು ನೆಡಲು ಹೇಳುತ್ತಾರೆ. ಹಾಗೆ ಬೆಳೆದ ಸೊಪ್ಪಿನಿಂದ, ತೆಂಗಿಗೆ ಬೇಕಾದುದರಲ್ಲಿ ನೂರಕ್ಕೆ ಸಾರಜನಕ 90 ಭಾಗ, ರಂಜಕ 25, ಪೊಟ್ಯಾಷ್ 15 ಭಾಗ ಸಿಗುತ್ತದೆ ಎಂದು ಅವರ ಲೆಕ್ಕ. ಆ ಕೊನೆಯ ಅಂಕಿ ನೋಡಿ. ಸೊಪ್ಪು ಹಾಕಿದೆನಲ್ಲಾ ಎಂದು ಪೊಟ್ಯಾಷ್ ಬಿಟ್ಟರೆ ಕೊಬ್ಬರಿ ತೆಳ್ಳಗಾಗುತ್ತದೆ. ಎರಡು ವರ್ಷ ಬಿಟ್ಟು ನೋಡಿ ಬುದ್ಧಿ ಕಲಿತಿದ್ದೇನೆ. ಒಲೆ ಬೂದಿಯನ್ನೂ ಬಿಸಾಡಬೇಡಿ.

ಅಪ್ಪನ ಮಾತು ಅರ್ಧ ನಿಜ. ಮಾರ್ಚಿಯಲ್ಲಿ ತುಂಬು ಎಲೆ ಹೊತ್ತು ನಿಂತ ಗಿಡ ನೀರು ಕುಡಿಯದೇ ಇರುತ್ತದಾ? ಅದಕ್ಕೇ ಸವರುವ ಹೊತ್ತು ಮುಖ್ಯ. ನಾನು ಜೂನ್, ಅಕ್ಟೋಬರ್, ಫೆಬ್ರವರಿ ಮೂರು ಸಲ, ಮೂರಡಿ ಬಿಟ್ಟು ಸವರುತ್ತೇನೆ. ಫೆಬ್ರವರಿಯದನ್ನು ಮಾತ್ರ ತಪ್ಪಿಸುವುದಿಲ್ಲ. ಬೋಳು ಗಿಡ ಏನು ಕುಡಿದೀತು? ಸೊಪ್ಪು ಪಾತಿಯಲ್ಲಿ ಮುಚ್ಚಿಗೆಯಾಗಿ ಬಿದ್ದಿರುತ್ತದೆ. ಈ ಎಲೆ ಬೇಗ ಕರಗುತ್ತದೆ, ತಿಂಗಳಲ್ಲಿ ಬರೀ ಕಡ್ಡಿ. ಮೇಲೆ ತೆಂಗಿನ ಗರಿ ಹೊದಿಸಿ. ಮೂರು ಸಾಲು ನಮ್ಮ ಮಳೆಗೆ ಜಾಸ್ತಿ ಅನ್ನಿಸಿ ನಾನು ಒಂದೇ ಸಾಲು ಇಟ್ಟೆ. ಸೊಪ್ಪೂ ಅಷ್ಟೇ ಕಡಿಮೆ, ಅದಕ್ಕೆ ಬೇಸರವಿಲ್ಲ. ಉಳಿದ ಜಾಗಕ್ಕೆ ಹುರುಳಿ ಚೆಲ್ಲುತ್ತೇನೆ. ಅಪ್ಪನಿಗೆ ಇದನ್ನು ಓದಿ ಹೇಳಿ.

ಶಿರಸಿ_ಬೆಟ್ಟ:

ನಮ್ಮಲ್ಲಿ ಅಡಿಕೆಗೆ ಸೊಪ್ಪಿನ ಬೆಟ್ಟವೇ ಇದೆ (ತೋಟಕ್ಕೆ ಸೊಪ್ಪು ಕಡಿಯಲು ಬಿಟ್ಟ ಕಾಡು), ಎಕರೆ ತೋಟಕ್ಕೆ ಒಂಬತ್ತು ಎಕರೆ ಲೆಕ್ಕ. ಆದರೂ ಸೊಪ್ಪು ಕಡಿದು ಹೊತ್ತು ತರಲು ಆಳಿಲ್ಲದೆ ಈಗ ಬೇಲಿಗೆ ಗ್ಲಿರಿಸಿಡಿಯಾ ನೆಟ್ಟಿದ್ದೇನೆ. ಇಲ್ಲಿ ಗೂಟ ಚುಚ್ಚಿದರೆ ಸಾಕು. ನಮ್ಮ ಮಳೆಗೆ ಒಣಕಟ್ಟಿಗೆಯೂ ಚಿಗುರುತ್ತದೆಯೇನೋ! ಒಂದು ಎಚ್ಚರ: ಚಳಿಗಾಲದಲ್ಲಿ ಚಿಗುರಿಗೆ ಕರಿ ಹೇನು ಮುತ್ತುತ್ತದೆ. ಅವರೆಗೆ ಬರುವುದೂ ಅದೇ ಹೇನು. ಅವರೆ ಸಾಲಿನ ಪಕ್ಕ ಇಡಬೇಡಿ.

ತಿಪಟೂರು_ತೋಟ:

ಅಕ್ಕಾ, ಓದಿ ಹೇಳಿದೆ. ಹುರುಳಿ ವಿಷಯ ಬಂದಾಗ ಅಪ್ಪ ನಕ್ಕರು, "ಆಯಮ್ಮನಿಗೆ ಗೊತ್ತದೆ" ಎಂದರು. ಫೆಬ್ರವರಿಯಲ್ಲಿ ಸವರುವುದು ಅವರಿಗೂ ಒಪ್ಪಿಗೆ ಆಯಿತು. ಇನ್ನೊಂದು ಕೇಳುವುದಿತ್ತು. ನಮ್ಮ ಹಸು ಈ ಸೊಪ್ಪು ಮೂಸಿ ಮುಖ ತಿರುಗಿಸಿತು. ವಿಷ ಅಂತಾರಲ್ಲ, ನಿಜವಾ?

ಬದುವಿನ_ಗಿಡ:

ಇಲಿಗೆ ವಿಷ. ಗ್ಲಿರಿಸಿಡಿಯಾ ಎನ್ನುವ ಹೆಸರಿನ ಅರ್ಥವೇ ಇಲಿ ಕೊಲ್ಲುವುದು. ಅದರ ತವರು ಮೆಕ್ಸಿಕೋ ಕಡೆ, ಅಲ್ಲಿ ತೊಗಟೆಯನ್ನು ಕಾಳಿನ ಜೊತೆ ಅರೆದು ಇಲಿಗೆ ಇಡುತ್ತಿದ್ದರಂತೆ. ಕುದುರೆಗೂ ಆಗದು. ದನ, ಆಡು ತಿನ್ನುತ್ತವೆ. ಹಸಿ ಸೊಪ್ಪು ವಾಸನೆ, ಅದಕ್ಕೇ ಮೂಸಿ ಬಿಟ್ಟಿದೆ. ಒಂದು ದಿನ ಬಾಡಿಸಿ, ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪ ಹಾಕಿ. ನಮ್ಮ ಆಡುಗಳು ಈಗ ಬಾಡಿಸುವವರೆಗೂ ಕಾಯುವುದಿಲ್ಲ. ಸಸಿ ಎಳೆಯದಾಗಿರುವಾಗ ಅವುಗಳಿಂದ ಕಾಯುವುದೇ ದೊಡ್ಡ ಕೆಲಸ.

ಉಳಿದ 31 ಗೂಟ ಕೀಳಬೇಡಿ. ಅಷ್ಟು ಬೇಸಿಗೆ ತಡೆದಿವೆ ಅಂದರೆ ಬೇರು ಬಿಟ್ಟಿವೆ. ಒಂದೆರಡನ್ನು ಸವರದೆ ಹಾಗೇ ಬಿಡಿ. ಸವರುತ್ತಿದ್ದರೆ ಹೂವೂ ಇಲ್ಲ, ಬೀಜವೂ ಇಲ್ಲ. ಈ ವರ್ಷಕ್ಕೆ ಬೀಜ ನನ್ನ ಹತ್ತಿರ ಇದೆ. ಏಪ್ರಿಲ್ ಮೊದಲ ವಾರ ಬನ್ನಿ, ಕಾಯಿ ಹಳದಿ ತಿರುಗಿರುತ್ತದೆ. ಬರುವಾಗ ಒಂದು ಹಳೇ ಸೀರೆ ತನ್ನಿ. ಒಣಹಾಕುವಾಗ ಮೇಲೆ ಹೊದಿಸದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಕಾಯಿ ಪಟಪಟ ಸಿಡಿದು ಬೀಜವೆಲ್ಲ ಪಕ್ಕದ ಮನೆಯ ಹೆಂಚಿನ ಮೇಲೆ.