ಚಳಿ ಇದ್ದ ಕಡೆಯೆಲ್ಲ ಐಸ್ ಹಾಕಿ ಯಾಕಿಲ್ಲ? ಫಿನ್‌ಲೆಂಡ್‌ನ ಟಾಂಪೆರೆಯಿಂದ ಒಂದು ಉತ್ತರ

ನಾರ್ವೆಯ ಓಸ್ಲೋದಲ್ಲಿರೋ ಸ್ನೇಹಿತರ ಪ್ರಶ್ನೆ ಚೆನ್ನಾಗಿದೆ: "ಫಿನ್‌ಲೆಂಡ್‌ನಲ್ಲಿರೋ ನೀವೆಲ್ಲ ಮಕ್ಕಳನ್ನ ಐಸ್ ಹಾಕಿಗೆ ಸೇರಿಸ್ತೀರಿ, ಇಲ್ಲಿ ನಮ್ಮವರು ಅದರ ಮಾತೇ ಎತ್ತಲ್ಲ. ಇಲ್ಲೂ ಅಷ್ಟೇ ಚಳಿ ಅಲ್ವಾ?" ಅದಕ್ಕೆ ಬಂದ ಉತ್ತರಗಳಲ್ಲಿ ಅರ್ಧಕ್ಕರ್ಧ "ಅದು ಅವರ ರಕ್ತದಲ್ಲೇ ಇದೆ" ಅನ್ನೋ ಧಾಟಿಯವು. ನನಗಂತೂ ಒಪ್ಪಿಗೆಯಿಲ್ಲ.

ಚಳಿಯ ಲೆಕ್ಕವನ್ನ ಮೊದಲು ಮುಗಿಸಿಬಿಡೋಣ. ನಾರ್ವೆಯ ಕರಾವಳಿಗೆ ಅಟ್ಲಾಂಟಿಕ್‌ನ ಬೆಚ್ಚನೆ ನೀರು ತಾಗುತ್ತೆ. ಬರ್ಗೆನ್‌ನಲ್ಲಿ ಜನವರಿಯಲ್ಲೂ ಜಡಿಮಳೆ. ಕೊಳದ ಮೇಲೆ ವಾರಗಟ್ಟಲೆ ಗಟ್ಟಿ ಐಸ್ ನಿಲ್ಲಬೇಕಾದರೆ ಫಿನ್‌ಲೆಂಡ್‌ನ ಒಳನಾಡಿನಂಥ ಜಾಗ ಬೇಕು. ಆದರೆ ಓಸ್ಲೋದಲ್ಲಿ ಚಳಿಗೇನೂ ಕೊರತೆಯಿಲ್ಲ. ಅಷ್ಟೇ ಅಲ್ಲ, 1952ರ ಚಳಿಗಾಲದ ಒಲಿಂಪಿಕ್ಸ್‌ಗೆ ಅಂತ ಅಲ್ಲಿ ಯೂರ್ದಾಲ್ ಆಂಫಿ ಅನ್ನೋ ಐಸ್ ಹಾಕಿ ಕ್ರೀಡಾಂಗಣವನ್ನೇ ಕಟ್ಟಿದ್ದರು. ನಮ್ಮ ಟಾಂಪೆರೆಯ ಹಾಕಮೆತ್ಸಾ ಹಾಲ್ ಬಂದಿದ್ದು 1965ರಲ್ಲಿ, ವಿಶ್ವ ಚಾಂಪಿಯನ್‌ಷಿಪ್ ನಡೆಸೋಕೆ. ಎರಡೂ ದೇಶಗಳ ಜನಸಂಖ್ಯೆ ಹತ್ತಿರಹತ್ತಿರ ಐವತ್ತೈದು ಲಕ್ಷ. ಚಳಿ ಇದೆ, ಐಸ್ ಇದೆ, ದುಡ್ಡು ನಾರ್ವೆಯಲ್ಲೇ ಜಾಸ್ತಿ. ಆದರೂ ಒಲಿಂಪಿಕ್ ಚಿನ್ನ ಗೆದ್ದಿದ್ದು ಫಿನ್‌ಲೆಂಡ್, 2022ರಲ್ಲಿ, ಬೀಜಿಂಗ್‌ನಲ್ಲಿ.

ನಾರ್ವೆಯ ಮಕ್ಕಳು ಎಲ್ಲಿ ಹೋದರು ಅಂದರೆ, ಸ್ಕೀ ಹಿಡಿದು ಕಾಡಿಗೆ. ಆ 1952ರ ಒಲಿಂಪಿಕ್ಸ್‌ನಲ್ಲೇ ಹಯಾಲ್ಮಾರ್ ಆಂಡರ್ಸನ್ ಸ್ಪೀಡ್ ಸ್ಕೇಟಿಂಗ್‌ನಲ್ಲಿ ಮೂರು ಚಿನ್ನ ಗೆದ್ದರು. ಐಸ್ ಮೇಲಿನ ಹೀರೋ ಕೂಡ ಹಾಕಿಯವನಲ್ಲ! ಇಲ್ಲಿ ಉಲ್ಟಾ. ಫಿನ್‌ಲೆಂಡ್‌ನವರೂ ಸ್ಕೀ ಮಾಡ್ತಾರೆ, ಚೆನ್ನಾಗೇ ಮಾಡ್ತಾರೆ. ಆದರೆ 1995ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ವೀಡನ್ನನ್ನ 4-1ರಿಂದ ಸೋಲಿಸಿ ಮೊದಲ ವಿಶ್ವ ಪ್ರಶಸ್ತಿ ತಂದರಲ್ಲ, ಅದು ಇವರಿಗೆ, ನಮಗೆ 1983ರ ಕ್ರಿಕೆಟ್ ವಿಶ್ವಕಪ್ ಇದ್ದ ಹಾಗೆ. ಕೋಚ್ ಕರ್ಟ್ ಲಿಂಡ್‌ಸ್ಟ್ರೋಮ್ ಸ್ವೀಡನ್ನಿನವರೇ ಅನ್ನೋದನ್ನ ಇವರು ಇವತ್ತಿಗೂ ಚಪ್ಪರಿಸಿಕೊಂಡು ಹೇಳ್ತಾರೆ.

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಲಾಟ್ವಿಯಾ ಮತ್ತು ಎಸ್ಟೋನಿಯಾ ನೋಡಿ. ಅಕ್ಕಪಕ್ಕದ ದೇಶಗಳು, ಒಂದೇ ಹವೆ, ಎರಡೂ ಸೋವಿಯತ್ ಆಳ್ವಿಕೆ ಕಂಡವು. ಲಾಟ್ವಿಯಾದ ರಾಜಧಾನಿ ರಿಗಾದಲ್ಲಿ ಡೈನಮೋ ಅನ್ನೋ ಐಸ್ ಹಾಕಿ ತಂಡ ಇತ್ತು, 1970ರ ದಶಕದಲ್ಲಿ ಕೋಚ್ ವಿಕ್ಟರ್ ಟಿಖೊನೊವ್ ಅದನ್ನ ಮೇಲೆತ್ತಿದರು. ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಲ್ಲಿ ಅಂಥ ತಂಡ ಬಹುಕಾಲ ಬಾಳಲಿಲ್ಲ. 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಲಾಟ್ವಿಯಾ ಅಮೆರಿಕವನ್ನ ಸೋಲಿಸಿ ಕಂಚು ಗೆದ್ದಾಗ ಸಂಸತ್ತು ರಾತ್ರೋರಾತ್ರಿ ಸೇರಿ ಮರುದಿನ ದೇಶಕ್ಕೆಲ್ಲ ರಜೆ ಘೋಷಿಸಿತು. ಎಸ್ಟೋನಿಯಾ ಸ್ವತಂತ್ರವಾದ ಮೇಲೆ ಅಗ್ರ ವಿಭಾಗಕ್ಕೆ ಏರಿಯೇ ಇಲ್ಲ. ಇದರಲ್ಲಿ ರಕ್ತ ಎಲ್ಲಿಂದ ಬಂತು?

ನಾನು ಸಕಲೇಶಪುರದವನು. ಕೊಡಗಿನಷ್ಟೇ ಮಳೆ, ಅದೇ ಕಾಫಿ, ಅದೇ ಘಟ್ಟ. ಭಾರತಕ್ಕೆ ಹಾಕಿ ಆಡಿದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಎಲ್ಲ ಆ ಕಡೆಯಿಂದ ಬಂದರು, ನಮ್ಮ ಕಡೆ ಹಾಕಿ ಸ್ಟಿಕ್ ನೋಡಿದವರೇ ಕಮ್ಮಿ. ಅಲ್ಲಿ ಸೇನೆಗೆ ಹೋಗಿ ಬಂದವರಿದ್ದರು, ಶಾಲೆ ಶಾಲೆಗೂ ಮೈದಾನ ಇತ್ತು. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕುಟುಂಬಗಳ ಹಾಕಿ ಹಬ್ಬಕ್ಕೆ ಈಗ ಮುನ್ನೂರಕ್ಕೂ ಹೆಚ್ಚು ಮನೆತನಗಳು ತಂಡ ಕಳಿಸ್ತವೆ. ಅಜ್ಜನಿಂದ ಮೊಮ್ಮಗಳವರೆಗೂ ಒಂದೇ ಜರ್ಸಿ. ಆಟ ಉಳಿಯೋಕೆ ಹವೆಗಿಂತ ಇಂಥದ್ದೊಂದು ಏರ್ಪಾಡು ಬೇಕು.

ಇಲ್ಲಿ ಟಾಂಪೆರೆಯಲ್ಲಿ ಆ ಏರ್ಪಾಡು ನಗರಪಾಲಿಕೆಯದ್ದು. ಚಳಿ ಕಚ್ಚಿಕೊಂಡ ತಕ್ಷಣ ನಗರಪಾಲಿಕೆಯ ಗಾಡಿ ಬಂದು ಶಾಲೆಯ ಮೈದಾನಕ್ಕೆ ಪದರ ಪದರವಾಗಿ ನೀರು ಹಾಯಿಸಿ ಐಸ್ ಕಟ್ಟುತ್ತೆ. ಪಿ.ಟಿ. ಪೀರಿಯಡ್‌ಗೆ ಸ್ಕೇಟ್ ಮತ್ತು ಹೆಲ್ಮೆಟ್ ತರಬೇಕು ಅಂತ ಶಾಲೆಯಿಂದ ಮೆಸೇಜ್ ಬರುತ್ತೆ. ಕ್ಲಬ್‌ಗೆ ಸೇರದ ಮಗುವೂ ಹೀಗೆ ಸ್ಕೇಟಿಂಗ್ ಕಲಿತುಬಿಡುತ್ತೆ. ಅದಾದ ಮೇಲೆ ಕೈಗೊಂದು ಸ್ಟಿಕ್ ಬರೋದು ಎಷ್ಟು ಹೊತ್ತು?

ಕ್ಲಬ್‌ಗೆ ಸೇರಿಸಿದರೆ ತಂದೆತಾಯಿಗೂ ಕೆಲಸ ಇದೆ. ಮಗಳ ಸ್ಕೇಟ್ ಲೇಸ್ ಬಿಗಿಯೋದು ನನ್ನ ಪಾಲು. ಕೈಗವಸು ಹಾಕಿಕೊಂಡು ಆಗಲ್ಲ, ತೆಗೆದರೆ ಬೆರಳು ಮರಗಟ್ಟುತ್ತೆ, ಕಾಲಿನ ಗೆಣ್ಣಿನ ಹತ್ತಿರ ಸಡಿಲ ಬಿಟ್ಟರೆ ಎರಡೇ ನಿಮಿಷಕ್ಕೆ ವಾಪಸ್ ಬಂದು ಕಾಲು ಚಾಚ್ತಾಳೆ. ಪಂದ್ಯದ ದಿನ ಕ್ಯಾಂಟೀನ್‌ನಲ್ಲಿ ಕಾಫಿ, ಸಾಸೇಜ್ ಮಾರೋದೂ ನಾವೇ. ಸಸ್ಯಾಹಾರಿ ನಾನು ಸಾಸೇಜ್ ತಿರುವಿ ಹಾಕೋದನ್ನ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿಲ್ಲ. ಖರ್ಚು ಪ್ರತಿ ವರ್ಷ ಏರುತ್ತೆ, ಗೋಲ್‌ಕೀಪರ್ ಆಗ್ತೀನಿ ಅಂದರೆ ಇನ್ನೂ ಜಾಸ್ತಿ. ಆರೇಳು ವರ್ಷದ ಮಕ್ಕಳಿಗೆ ಸೆಕೆಂಡ್ ಹ್ಯಾಂಡ್ ಧಾರಾಳ ಸಾಕು.

ಓಸ್ಲೋದವರಿಗೆ ನನ್ನ ಸಲಹೆ: ಅಲ್ಲಿದ್ದೀರಿ, ಮೊದಲು ಸ್ಕೀ ಕಲಿಸಿ. ತರಗತಿಯ ಗೆಳೆಯರು ಭಾನುವಾರ ಹೋಗೋದು ಅಲ್ಲಿಗೇ. ಅಲ್ಲಿನ ಕ್ರೀಡಾ ನಿಯಮದಲ್ಲಿ ಪುಟ್ಟ ಮಕ್ಕಳಿಗೆ ರ‍್ಯಾಂಕಿಂಗ್ ಪಟ್ಟಿಯೇ ಇಲ್ಲ, ಹಾಗಾಗಿ "ಲೇಟಾಗಿ ಶುರು ಮಾಡಿದ್ವಿ" ಅನ್ನೋ ನಮ್ಮವರ ಮಾಮೂಲಿ ಆತಂಕ ಬೇಡ. ಮಗನಿಗೆ ಹಾಕಿಯೇ ಬೇಕು ಅಂದರೆ ಮನೆಯಿಂದ ಐಸ್ ಹಾಲ್ ಎಷ್ಟು ದೂರ, ಪ್ರಾಕ್ಟೀಸ್ ಎಷ್ಟು ಗಂಟೆಗೆ ಅಂತ ವಿಚಾರಿಸಿ. ಮೊದಲ ಸೀಸನ್ ಬಾಡಿಗೆ ಸ್ಕೇಟ್‌ನಲ್ಲೇ ಕಳೆಯಲಿ. ಶನಿವಾರದ ಕನ್ನಡ ತರಗತಿಗೂ ಇದಕ್ಕೂ ಜಗಳ ಬಂದೇ ಬರುತ್ತೆ. ಇಲ್ಲಿ ನಾವು ತರಗತಿಯನ್ನೇ ಭಾನುವಾರ ಮಧ್ಯಾಹ್ನಕ್ಕೆ ತಳ್ಳಿದ್ದೀವಿ.