ಸೀಗೆ ಹುಣ್ಣಿಮೆಯ ಸಂಜೆಯ ಗಾಮಾ ಕಿರಣ ಸ್ಫೋಟ: ಗಳಿಗೆ ತಿಳಿದರೂ ಜಾಗ ತಿಳಿಯಲು ಸುಮಾರು ಒಂದು ಗಂಟೆ ಏಕೆ ಹಿಡಿಯಿತು?

ಮಲೆನಾಡಿನ ರಾತ್ರಿ:

ಎಲ್ಲರಿಗೂ ನಮಸ್ಕಾರ. 2022ರ ಅಕ್ಟೋಬರ್ 9ರಂದು, ಸೀಗೆ ಹುಣ್ಣಿಮೆಯ ದಿನ, ದಾಖಲಾದ ಜಿಆರ್‌ಬಿ 221009ಎ ಎಂಬ ಗಾಮಾ ಕಿರಣ ಸ್ಫೋಟದ (ಆಕಾಶದ ಒಂದು ದಿಕ್ಕಿನಿಂದ ಹಠಾತ್ತನೆ, ಸ್ವಲ್ಪ ಹೊತ್ತು ಮಾತ್ರ ಸುರಿಯುವ ಗಾಮಾ ಕಿರಣಗಳ) ಬಗ್ಗೆ ಕೆಲವು ವಾರಗಳಿಂದ ಓದುತ್ತಿದ್ದೇನೆ. ಫರ್ಮಿ ಉಪಗ್ರಹ ಅದನ್ನು ನಮ್ಮ ಸಮಯ ಸಂಜೆ 6 ಗಂಟೆ 47 ನಿಮಿಷಕ್ಕೆ ಗುರುತಿಸಿತು. ಸ್ವಿಫ್ಟ್ ಉಪಗ್ರಹ ಅದೇ ಮೂಲವನ್ನು ಕಂಡದ್ದು 7 ಗಂಟೆ 40 ನಿಮಿಷಕ್ಕೆ, ಮತ್ತು ನೆಲದ ಮೇಲಿನ ದೂರದರ್ಶಕಗಳು ಅತ್ತ ತಿರುಗಿದ್ದು ಅದಾದ ಮೇಲೆ. ಇದುವರೆಗೆ ದಾಖಲಾದ ಸ್ಫೋಟಗಳಲ್ಲೇ ಅತ್ಯಂತ ಪ್ರಖರವಾದದ್ದು, ಫರ್ಮಿಯ ಉಪಕರಣಗಳು ಎಣಿಕೆ ತಪ್ಪುವಷ್ಟು ಕಿರಣ ಸುರಿಸಿದ್ದು, ಎಲ್ಲಿದೆ ಎಂದು ಹೇಳಲು ಇಷ್ಟು ಹೊತ್ತು ಏಕೆ ಬೇಕಾಯಿತು ಎಂಬುದು ನನಗೆ ಅರ್ಥವಾಗಿಲ್ಲ.

ಇನ್ನೆರಡು ಸಂದೇಹಗಳಿವೆ. ಅದು ನಮ್ಮ ಆಕಾಶಗಂಗೆಯಿಂದ ಹೊರಗೆ, ಬೆಳಕು 190 ಕೋಟಿ ವರ್ಷ ಪಯಣಿಸಬೇಕಾದಷ್ಟು ದೂರದಲ್ಲಿದೆ ಎಂದು ಹೇಗೆ ನಿರ್ಧರಿಸಿದರು? ತೀರ್ಥಹಳ್ಳಿಯ ಹತ್ತಿರ ನಮ್ಮ ಮನೆಯ ಅಂಗಳದಲ್ಲಿ 20 ಸೆಂಟಿಮೀಟರ್ ವ್ಯಾಸದ ದೂರದರ್ಶಕವೂ ಅದಕ್ಕೆ ಜೋಡಿಸುವ ಕ್ಯಾಮೆರಾವೂ ಇವೆ. ಮುಂದೆ ಇಂತಹ ಸೂಚನೆ ಬಂದಾಗ ನಾನು ಪ್ರಯತ್ನಿಸುವುದರಲ್ಲಿ ಏನಾದರೂ ಅರ್ಥವಿದೆಯೇ?

ಭೌತಶಾಸ್ತ್ರ ಬೋಧಕಿ:

ನಿಮ್ಮ ಮೊದಲ ಪ್ರಶ್ನೆಯನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ಏಕೆಂದರೆ ಪದವಿ ತರಗತಿಯ ವಿದ್ಯಾರ್ಥಿಗಳು ಎಡವುವುದೂ ಇಲ್ಲಿಯೇ. ಕಣ್ಣಿಗೆ ಕಾಣುವ ಬೆಳಕಿನಂತೆ ಗಾಮಾ ಕಿರಣವನ್ನು ಕನ್ನಡಿಯಿಂದಲೋ ಮಸೂರದಿಂದಲೋ ಒಂದೆಡೆ ಕೂಡಿಸಿ ಬಿಂಬ ಮೂಡಿಸಲು ಆಗುವುದಿಲ್ಲ. ಹೀಗಾಗಿ ಕಿರಣ ಬಂತು ಎಂದು ಹೇಳುವುದು ಸುಲಭ, ಎತ್ತ ಕಡೆಯಿಂದ ಬಂತು ಎಂದು ಹೇಳುವುದು ಕಷ್ಟ.

ಫರ್ಮಿಯ ಸ್ಫೋಟ ನಿಗಾ ಉಪಕರಣದಲ್ಲಿ ಸೋಡಿಯಂ ಅಯೋಡೈಡ್ ಹರಳಿನ 12 ಡಿಟೆಕ್ಟರ್‌ಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ. ಹೆಚ್ಚು ಶಕ್ತಿಯ ಕಿರಣಗಳಿಗೆಂದು ಬಿಸ್ಮತ್ ಜರ್ಮನೇಟ್ ಹರಳಿನ ಇನ್ನೆರಡಿವೆ. ನಿಮ್ಮ ಊರಿನಲ್ಲಿ ಜಡಿಮಳೆ ನಿಂತ ಮೇಲೆ ಮನೆಯ ಯಾವ ಗೋಡೆ ಎಷ್ಟು ನೆನೆದಿದೆ ಎಂದು ನೋಡಿ ಎರಚಲು ಎತ್ತಲಿಂದ ಬಂತು ಎಂದು ಹೇಳುವಿರಲ್ಲ, ಈ ಉಪಕರಣ ದಿಕ್ಕನ್ನು ಊಹಿಸುವ ಬಗೆಯೂ ಅದೇ: ಯಾವ ಹರಳಿನಲ್ಲಿ ಎಣಿಕೆ ಹೆಚ್ಚು, ಯಾವುದರಲ್ಲಿ ಕಡಿಮೆ ಎಂಬ ಹೋಲಿಕೆ. ಭೂಮಿ ಮರೆಮಾಡದ ಆಕಾಶವನ್ನೆಲ್ಲ ಅದು ಏಕಕಾಲಕ್ಕೆ ಗಮನಿಸುತ್ತದೆ, ಆದರೆ ಅದು ಕೊಡುವ ಸ್ಥಾನದಲ್ಲಿ ಸಾಮಾನ್ಯವಾಗಿ ಕೆಲವು ಡಿಗ್ರಿಗಳ ಅನಿಶ್ಚಿತತೆ ಉಳಿಯುತ್ತದೆ. ಹುಣ್ಣಿಮೆಯ ಚಂದ್ರನ ಅಗಲ ಅರ್ಧ ಡಿಗ್ರಿ ಎಂಬುದನ್ನು ನೆನೆದರೆ ಆ ಅನಿಶ್ಚಿತತೆಯ ವಿಸ್ತಾರ ತಿಳಿಯುತ್ತದೆ.

2004ರ ನವೆಂಬರ್ 20ರಂದು ಉಡಾವಣೆಯಾದ ಸ್ವಿಫ್ಟ್ ಬೇರೆಯ ಉಪಾಯ ಬಳಸುತ್ತದೆ. ಅದರ ಡಿಟೆಕ್ಟರ್‌ಗಳ ಮೇಲೆ, ಸುಮಾರು ಒಂದು ಮೀಟರ್ ಎತ್ತರದಲ್ಲಿ, ಸೀಸದ ಸುಮಾರು 52,000 ಪುಟ್ಟ ಬಿಲ್ಲೆಗಳನ್ನು ಕ್ರಮವಿಲ್ಲದ ವಿನ್ಯಾಸದಲ್ಲಿ ಅಂಟಿಸಿದ ಒಂದು ಫಲಕವಿದೆ. ಹೊಯ್ಸಳ ದೇವಾಲಯಗಳ ಜಾಲಂಧ್ರಗಳ ಮೂಲಕ ನೆಲದ ಮೇಲೆ ಬೀಳುವ ಬೆಳಕಿನ ಚಿತ್ತಾರವನ್ನು ನೀವು ಕಂಡಿರಬಹುದು; ಚಿತ್ತಾರ ಎಷ್ಟು ಸರಿದಿದೆ ಎಂದು ಅಳೆದರೆ, ಸೂರ್ಯನನ್ನು ನೋಡದೆಯೇ ಅವನಿರುವ ದಿಕ್ಕನ್ನು ಹೇಳಬಹುದು. ಸೀಸದ ಬಿಲ್ಲೆಗಳ ನೆರಳಿನಿಂದ ಸ್ವಿಫ್ಟ್‌ನಲ್ಲಿರುವ ಗಣಕ ಇದೇ ಲೆಕ್ಕ ಮಾಡಿ, ಕೆಲವೇ ಸೆಕೆಂಡುಗಳಲ್ಲಿ ಒಂದರಿಂದ ಮೂರು ಆರ್ಕ್‌ಮಿನಿಟ್‌ಗಳಷ್ಟು, ಅಂದರೆ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗಕ್ಕೆ ಮೀರದ ತಪ್ಪಿನೊಂದಿಗೆ, ಸ್ಥಾನ ಕೊಡುತ್ತದೆ. ಆಮೇಲೆ ಇಡೀ ಉಪಗ್ರಹವೇ ಅತ್ತ ತಿರುಗಿ, ಎಕ್ಸ್‌-ಕಿರಣ ದೂರದರ್ಶಕದಿಂದ ಸ್ಥಾನದ ಅನಿಶ್ಚಿತತೆಯನ್ನು ಕೆಲವು ಆರ್ಕ್‌ಸೆಕೆಂಡುಗಳಿಗೆ (ಆರ್ಕ್‌ಮಿನಿಟ್‌ನ ಅರವತ್ತನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡು) ಇಳಿಸುತ್ತದೆ.

ಆದರೆ ಜಾಲಂಧ್ರದಿಂದ ಕಾಣುವುದು ಅದರ ಎದುರಿಗಿರುವ ಆಕಾಶ ಮಾತ್ರ, ಇಡೀ ಆಕಾಶದ ಸುಮಾರು ಆರನೇ ಒಂದು ಭಾಗ. ಆ ಸಂಜೆ ಸ್ಫೋಟವಾದಾಗ ಆ ದಿಕ್ಕು ಸ್ವಿಫ್ಟ್‌ನ ನೋಟದಲ್ಲಿ ಇರಲಿಲ್ಲ. ಐವತ್ಮೂರು ನಿಮಿಷಗಳ ನಂತರ ಆ ಭಾಗ ಅದರ ಎದುರಿಗೆ ಬಂದಾಗ ಅದು ಕಂಡದ್ದು ಸ್ಫೋಟವನ್ನಲ್ಲ, ಸ್ಫೋಟ ಬಿಟ್ಟುಹೋದ ಬೆಳಕನ್ನು, ಆಫ್ಟರ್‌ಗ್ಲೋ ಎನ್ನುತ್ತೇವಲ್ಲ ಅದನ್ನು. ಆಫ್ಟರ್‌ಗ್ಲೋವೇ ಉಪಗ್ರಹವನ್ನು ಎಚ್ಚರಿಸುವಷ್ಟು ಪ್ರಖರವಾಗಿತ್ತು ಎಂಬುದು, ನನ್ನ ದೃಷ್ಟಿಯಲ್ಲಿ, ಆ ಸಂಜೆಯ ಅತ್ಯಂತ ಬೆರಗಿನ ಸಂಗತಿ.

ಲಡಾಖ್ ರಾತ್ರಿಗಳು:

ಬೋಧಕಿಯವರು ಬರೆದದ್ದಕ್ಕೆ ದೂರದರ್ಶಕದ ಕಡೆಯಿಂದ ಒಂದು ಲೆಕ್ಕ ಸೇರಿಸುತ್ತೇನೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಹೊಸಕೋಟೆಯ ಆ ಕೋಣೆಯಲ್ಲಿ ಹಲವು ರಾತ್ರಿ ಕಳೆದಿದ್ದೇನೆ. ಅದರ ಮುಖ್ಯ ಕ್ಯಾಮೆರಾ ಒಮ್ಮೆಗೆ ನೋಡುವುದು ಹತ್ತು ಆರ್ಕ್‌ಮಿನಿಟ್ ಅಗಲದ ಒಂದು ಚೌಕ. ಫರ್ಮಿ ಮೂರು ಡಿಗ್ರಿ ತ್ರಿಜ್ಯದ ಒಂದು ವೃತ್ತವನ್ನು ಕೊಟ್ಟಿತು ಎಂದು ಇಟ್ಟುಕೊಂಡರೆ, ಆ ವೃತ್ತವನ್ನು ತುಂಬಲು ಇಂತಹ ಸಾವಿರ ಚೌಕಗಳು ಬೇಕು. ಒಂದೊಂದಕ್ಕೆ ಎರಡು ನಿಮಿಷ ಎಂದರೂ ಮೂವತ್ಮೂರು ಗಂಟೆ. ಪಕ್ಕದಲ್ಲೇ ಇರುವ 0.7 ಮೀಟರ್ ಗ್ರೋತ್-ಇಂಡಿಯಾ ಸ್ವಯಂಚಾಲಿತ ದೂರದರ್ಶಕದ ನೋಟ ಇದಕ್ಕಿಂತ ಬಹಳ ಅಗಲವಾದ್ದರಿಂದ ಅದಕ್ಕೆ ಸುಮಾರು ಅರವತ್ತು ಚೌಕಗಳು ಸಾಕು. ಕ್ಯಾಲಿಫೋರ್ನಿಯಾದ ಪಾಲೋಮಾರ್‌ನಲ್ಲಿ 47 ಚದರ ಡಿಗ್ರಿಯನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಝಡ್‌ಟಿಎಫ್ ಕ್ಯಾಮೆರಾಕ್ಕೆ ಒಂದೆರಡು ಚಿತ್ರಗಳು ಸಾಕು, ಅಲ್ಲಿ ಆಗ ರಾತ್ರಿಯಾಗಿದ್ದರೆ.

ಇಷ್ಟರಲ್ಲಿ ಆಫ್ಟರ್‌ಗ್ಲೋ ಮಸುಕಾಗುತ್ತಲೇ ಇರುತ್ತದೆ. ಸ್ಥೂಲವಾಗಿ ಅದರ ಪ್ರಖರತೆ ಕಳೆದ ಸಮಯಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂದುಕೊಂಡರೆ, ಒಂದು ನಿಮಿಷಕ್ಕೆ ಇದ್ದದ್ದರ 1,440ನೇ ಒಂದು ಪಾಲು ಒಂದು ದಿನದ ಹೊತ್ತಿಗೆ ಉಳಿದಿರುತ್ತದೆ, ಅಂದರೆ ಸುಮಾರು ಎಂಟು ಕಾಂತಿಮಾನದ ಇಳಿತ (ಕಾಂತಿಮಾನ ಎಂದರೆ ಆಕಾಶಕಾಯಗಳ ಪ್ರಖರತೆಯ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಾಯ ಮಸುಕು). ಸೂಚನೆ ಬಂದಾಗ ದೂರದರ್ಶಕ ಬೇರೊಬ್ಬರ ಕೆಲಸದಲ್ಲಿ ಇರುತ್ತದೆ ಎಂಬುದೂ ಮರೆಯಬಾರದ ಮಾತು. ತಿಂಗಳುಗಟ್ಟಲೆ ಕಾದು ಪಡೆದ ರಾತ್ರಿಯ ನಡುವೆ ಒಂದು ಗಂಟೆಯನ್ನು ಬಿಟ್ಟುಕೊಡುವವರಿಗೆ ನಾವು ನಿಜವಾಗಿಯೂ ಋಣಿಗಳು, ಮತ್ತು ನಂಬಬಹುದಾದ ಸ್ಥಾನ ಕೈಯಲ್ಲಿಲ್ಲದೆ ಅದನ್ನು ಕೇಳುವುದು ನನಗೆ ಎಂದೂ ಸರಿಯೆನಿಸಿಲ್ಲ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇದರ ಉತ್ತರವೂ ಸ್ಥಾನದಲ್ಲೇ ಅಡಗಿದೆ. ಪರಮಾಣು ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು ಮೊದಲ ಸ್ಫೋಟವನ್ನು ದಾಖಲಿಸಿದ್ದು 1967ರ ಜುಲೈ 2ರಂದು; ಅದು ಪ್ರಕಟವಾದದ್ದು 1973ರಲ್ಲಿ. 1991ರಿಂದ 2000ದವರೆಗೆ ಬಾಹ್ಯಾಕಾಶದಲ್ಲಿದ್ದ ಕಾಂಪ್ಟನ್ ವೀಕ್ಷಣಾಲಯದ ಬ್ಯಾಟ್ಸ್ ಉಪಕರಣ 2,704 ಸ್ಫೋಟಗಳನ್ನು ಕಂಡು, ಅವು ಆಕಾಶದ ಎಲ್ಲ ದಿಕ್ಕುಗಳಲ್ಲೂ ಸಮನಾಗಿ ಹರಡಿವೆ ಎಂದು ತೋರಿಸಿತು. ಅವು ದೂರದ ಗೆಲಾಕ್ಸಿಗಳಲ್ಲಿವೆ ಎಂಬುದಕ್ಕೆ ಅದು ಬಲವಾದ ಸುಳಿವಾಗಿತ್ತು, ಆದರೆ ಒಂದೇ ಒಂದು ಸ್ಫೋಟದ ದೂರವೂ ಅದರಿಂದ ತಿಳಿಯಲಿಲ್ಲ. 1997ರ ಫೆಬ್ರವರಿ 28ರಂದು ಬೆಪ್ಪೋಸ್ಯಾಕ್ಸ್ ಉಪಗ್ರಹ ಕೆಲವು ಗಂಟೆಗಳೊಳಗೆ ಆರ್ಕ್‌ಮಿನಿಟ್ ಮಟ್ಟದ ಸ್ಥಾನ ಕೊಟ್ಟಿತು, ಲಾ ಪಾಲ್ಮಾದ ವಿಲಿಯಂ ಹರ್ಷೆಲ್ ದೂರದರ್ಶಕ ಅಲ್ಲಿ ಮಂಕಾಗುತ್ತಿದ್ದ ಬೆಳಕಿನ ಚುಕ್ಕೆಯನ್ನು ಹಿಡಿಯಿತು. ಅದೇ ವರ್ಷ ಮೇ ತಿಂಗಳ ಇನ್ನೊಂದು ಸ್ಫೋಟದ ರೋಹಿತವನ್ನು, ಅಂದರೆ ಬಣ್ಣಬಣ್ಣಗಳಾಗಿ ಬಿಡಿಸಿದ ಬೆಳಕನ್ನು, ಹವಾಯಿಯ ಕೆಕ್ ದೂರದರ್ಶಕ ಪಡೆದು, ಕೆಂಪುಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆಗಳು ಎಷ್ಟು ಉದ್ದವಾಗಿವೆ ಎಂಬ ಅಳತೆ; ಅದು ಹೆಚ್ಚಿದಷ್ಟೂ ಮೂಲ ದೂರ) 0.835ಕ್ಕಿಂತ ಕಡಿಮೆಯಲ್ಲ ಎಂದು ತೋರಿಸಿದಾಗ ದೂರದ ಚರ್ಚೆ ಮುಗಿಯಿತು. ಮೂವತ್ತು ವರ್ಷ ಕೊರತೆಯಾಗಿದ್ದದ್ದು ದೊಡ್ಡ ದೂರದರ್ಶಕವಲ್ಲ, ಅದನ್ನು ಎತ್ತ ತಿರುಗಿಸಬೇಕು ಎಂಬ ಮಾಹಿತಿ.

221009ಎ ವಿಷಯದಲ್ಲೂ ಇದೇ ಆಯಿತು. ಸ್ವಿಫ್ಟ್ ಸ್ಥಾನ ಕೊಟ್ಟ ದಿನದ ರಾತ್ರಿಯೇ ಚಿಲಿಯ ವಿಎಲ್‌ಟಿ ದೂರದರ್ಶಕದ ಎಕ್ಸ್‌-ಶೂಟರ್ ಉಪಕರಣ ರೋಹಿತವನ್ನು ಪಡೆಯಿತು. ಆಫ್ಟರ್‌ಗ್ಲೋ ಬೆಳಕು ತನ್ನದೇ ಗೆಲಾಕ್ಸಿಯ ಅನಿಲವನ್ನು ಹಾದು ಬರುವಾಗ ಅಲ್ಲಿನ ಕ್ಯಾಲ್ಸಿಯಂ, ಸೋಡಿಯಂ ಪರಮಾಣುಗಳು ಕೆಲವು ಬಣ್ಣಗಳನ್ನು ಹೀರಿ ಕಪ್ಪು ಗೆರೆಗಳನ್ನು ಉಳಿಸುತ್ತವೆ. ಪ್ರಯೋಗಾಲಯದಲ್ಲಿ 589 ನ್ಯಾನೊಮೀಟರ್‌ನಲ್ಲಿ ಕಾಣುವ ಸೋಡಿಯಂ ಗೆರೆ 678ರ ಸುಮಾರಿಗೆ ಕಂಡರೆ, ಅಲೆಗಳು 1.151 ಪಟ್ಟು ಹಿಗ್ಗಿವೆ ಎಂದಾಯಿತು, ಕೆಂಪುಪಲ್ಲಟ 0.151. ನಿಮ್ಮ 190 ಕೋಟಿ ವರ್ಷ ಬಂದದ್ದು ಈ ಗೆರೆಗಳಿಂದ.

ಆ ರಾತ್ರಿಯ ಹುಣ್ಣಿಮೆಯನ್ನು ನೀವು ನೆನಪಿಸಿದ್ದು ಒಳ್ಳೆಯದಾಯಿತು. ಅತಿ ಹೆಚ್ಚು ಶಕ್ತಿಯ ಗಾಮಾ ಕಿರಣ ವಾತಾವರಣದಲ್ಲಿ ಮೂಡಿಸುವ ನೀಲಿ ಮಿಂಚನ್ನು ಹಿಡಿಯುವ ಚೆರೆಂಕೋವ್ ದೂರದರ್ಶಕಗಳಿಗೆ ಬೆಳದಿಂಗಳು ದೊಡ್ಡ ಅಡ್ಡಿ. ನಮೀಬಿಯಾದ ಹೆಸ್ ದೂರದರ್ಶಕಗಳು ಇದನ್ನು ನೋಡಲು ಮೂರನೆಯ ರಾತ್ರಿಯವರೆಗೆ ಕಾಯಬೇಕಾಯಿತು. ಚೀನಾದ ಸಿಚುವಾನ್‌ನಲ್ಲಿ 4,410 ಮೀಟರ್ ಎತ್ತರದಲ್ಲಿರುವ ಲ್ಹಾಸೊ ವೀಕ್ಷಣಾಲಯ ಮಾತ್ರ ನೆಲಕ್ಕೆ ಬೀಳುವ ಕಣಗಳನ್ನು ನೀರಿನ ತೊಟ್ಟಿಗಳಲ್ಲಿ ಹಿಡಿಯುವಂಥದ್ದು. ಅದಕ್ಕೆ ಹಗಲಿರುಳೆಂಬ ಭೇದವಿಲ್ಲ, ಯಾವ ಕಡೆಗೂ ತಿರುಗಬೇಕಾಗಿಲ್ಲ. ಸ್ಫೋಟ ಅದರ ನೆತ್ತಿಯ ಮೇಲಿನ ಆಕಾಶದಲ್ಲೇ ಆದದ್ದರಿಂದ 64,000ಕ್ಕೂ ಹೆಚ್ಚು ಅತಿಶಕ್ತಿಯ ಗಾಮಾ ಕಣಗಳು ಅದಕ್ಕೆ ದಕ್ಕಿದವು.

ಮಲೆನಾಡಿನ ರಾತ್ರಿ:

ಇಬ್ಬರಿಗೂ ಕೃತಜ್ಞತೆಗಳು. ಎರಚಲಿನ ಹೋಲಿಕೆ ನಮ್ಮ ಮನೆಯ ಪಡುವಣ ಗೋಡೆಯನ್ನೇ ಕಣ್ಣ ಮುಂದೆ ತಂದಿತು. ಒಂದು ಸಣ್ಣ ಸಂದೇಹ: ಮೊದಲು ಇದನ್ನು ನಮ್ಮ ಆಕಾಶಗಂಗೆಯ ವಸ್ತುವೆಂದೇ ಭಾವಿಸಿದ್ದರು ಎಂದು ಒಂದೆಡೆ ಓದಿದೆ. ಅದು ನಿಜವೇ?

ಭೌತಶಾಸ್ತ್ರ ಬೋಧಕಿ:

ನಿಜ. ಸ್ವಿಫ್ಟ್ ಕಂಡ ಮೂಲಕ್ಕೆ ಮೊದಲು ಸ್ವಿಫ್ಟ್ ಜೆ1913.1+1946 ಎಂಬ ಹೆಸರಿಟ್ಟು, ಆಕಾಶಗಂಗೆಯೊಳಗಿನ ಹೊಸ ಎಕ್ಸ್‌-ಕಿರಣ ಮೂಲವಿರಬಹುದು ಎಂದು ಸೂಚಿಸಿದ್ದರು. ಆ ಊಹೆ ಅವಿವೇಕದ್ದಲ್ಲ: ಸ್ಥಾನ ಆಕಾಶಗಂಗೆಯ ಪಟ್ಟಿಯಿಂದ ಸುಮಾರು ನಾಲ್ಕು ಡಿಗ್ರಿ ದೂರದಲ್ಲಿತ್ತು, ಎಕ್ಸ್‌-ಕಿರಣದ ಪ್ರಖರತೆ ಆಫ್ಟರ್‌ಗ್ಲೋ ಎಂದು ನಂಬಲಾಗದಷ್ಟಿತ್ತು. ಸುಮಾರು ಒಂದು ಗಂಟೆ ಮೊದಲು ಅದೇ ದಿಕ್ಕಿನಿಂದ ಫರ್ಮಿ ಸ್ಫೋಟ ಕಂಡಿತ್ತು ಎಂಬುದನ್ನು ಜೋಡಿಸಿದಾಗ ಎರಡೂ ಒಂದೇ ಎಂದು ತಿಳಿಯಿತು. ಸೂಚನೆಗಳನ್ನು ಹಂಚುವ ಜಿಸಿಎನ್ ಜಾಲದಲ್ಲಿ ಯಂತ್ರಗಳು ಕಳಿಸುವ ತಕ್ಷಣದ ಸಂದೇಶಗಳ ಜೊತೆಗೆ ಮನುಷ್ಯರು ಬರೆಯುವ ಸುತ್ತೋಲೆಗಳೂ ಇರುವುದು ಇದಕ್ಕಾಗಿಯೇ.

ಹಾಸನದ ತಾರಾವೀಕ್ಷಕ:

ಮೂರನೆಯ ಪ್ರಶ್ನೆ ನನ್ನಂತಹ ಹವ್ಯಾಸಿಗಳದ್ದು, ಆದ್ದರಿಂದ ಉತ್ತರಿಸುತ್ತೇನೆ. ಖಂಡಿತ ಅರ್ಥವಿದೆ, ಆದರೆ ಯಾವ ಸ್ಫೋಟಗಳಿಗೆ ಎಂಬುದನ್ನು ಆರಿಸಿಕೊಳ್ಳಬೇಕು. 1999ರ ಜನವರಿ 23ರ ಸ್ಫೋಟದಲ್ಲಿ ಗಾಮಾ ಕಿರಣಗಳು ಇನ್ನೂ ಬರುತ್ತಿರುವಾಗಲೇ ಬೆಳಕನ್ನು ಹಿಡಿದ ರೋಟ್ಸಿ ಉಪಕರಣದಲ್ಲಿ ಇದ್ದದ್ದು ಕ್ಯಾಮೆರಾ ಅಂಗಡಿಯಲ್ಲಿ ಸಿಗುವಂತಹ 200 ಮಿಲಿಮೀಟರ್‌ನ ನಾಲ್ಕು ಲೆನ್ಸ್‌ಗಳು. ಸ್ಫೋಟ ಶುರುವಾದ 22 ಸೆಕೆಂಡಿಗೆ ಅದು ಚಿತ್ರ ತೆಗೆಯಲಾರಂಭಿಸಿತು, ಬೆಳಕು ಸುಮಾರು 9ನೇ ಕಾಂತಿಮಾನದವರೆಗೆ ಏರಿತು. 2008ರ ಮಾರ್ಚ್ 19ರ ಸ್ಫೋಟ ಕೆಲವು ಸೆಕೆಂಡುಗಳ ಕಾಲ 5.3ನೇ ಕಾಂತಿಮಾನ ಮುಟ್ಟಿತ್ತು, ಕತ್ತಲ ಊರಿನಲ್ಲಿ ಬರಿಗಣ್ಣಿಗೇ ಕಾಣುವಷ್ಟು. ಇವು ಅಪರೂಪ. ಬಹುಪಾಲು ಆಫ್ಟರ್‌ಗ್ಲೋಗಳು ಒಂದು ಗಂಟೆಯೊಳಗೆ ನಮ್ಮ ಕೈಗೆಟುಕದಷ್ಟು ಮಸುಕಾಗುತ್ತವೆ.

221009ಎ ಅಂದು ಶ್ರವಣ ನಕ್ಷತ್ರದ ಉತ್ತರಕ್ಕೆ, ಕರ್ನಾಟಕದಿಂದ ನೋಡಿದರೆ ನೆತ್ತಿಯಿಂದ ತುಸು ಪಡುವಣಕ್ಕೆ, ಇಪ್ಪತ್ತು ಡಿಗ್ರಿಗೂ ಕಡಿಮೆ ವಾಲಿದ ಜಾಗದಲ್ಲಿತ್ತು. ಆದರೂ ಸ್ವಿಫ್ಟ್ ತಿರುಗಿ ನೋಡಿದಾಗ ಅದು 16, 17ನೇ ಕಾಂತಿಮಾನದ ನಡುವೆ ಇತ್ತಷ್ಟೆ, ಏಕೆಂದರೆ ಆಕಾಶಗಂಗೆಯ ಧೂಳು ಆ ದಿಕ್ಕಿನಲ್ಲಿ ಬೆಳಕನ್ನು ನಲವತ್ತು ಪಟ್ಟಿಗಿಂತ ಹೆಚ್ಚು ಕುಗ್ಗಿಸುತ್ತದೆ. ಧೂಳು ಕೆಂಪಿಗಿಂತ ನೀಲಿಯನ್ನು ಹೆಚ್ಚು ತಡೆಯುವುದರಿಂದ ಕೆಂಪು ಫಿಲ್ಟರ್ ಬಳಸುವುದು ಲೇಸು. 60 ಸೆಕೆಂಡಿನ ಹತ್ತು ಹದಿನೈದು ಚಿತ್ರಗಳನ್ನು ಕೂಡಿಸಿದರೆ, ಚಂದ್ರನಿಲ್ಲದ ರಾತ್ರಿ, ನಿಮ್ಮ ದೂರದರ್ಶಕ ಈ ಮಟ್ಟವನ್ನು ಮುಟ್ಟಬೇಕು.

ನನ್ನ ಅನುಭವದಲ್ಲಿ ಬೆಳಕಿಗಿಂತ ಹೆಚ್ಚು ಕೈಕೊಡುವುದು ಗಡಿಯಾರ. ಒಮ್ಮೆ ಇಡೀ ರಾತ್ರಿಯ ಚಿತ್ರಗಳಲ್ಲಿ ಗಣಕದ ಸಮಯ ನಾಲ್ಕು ನಿಮಿಷ ಹಿಂದಿದ್ದದ್ದು ಬೆಳಿಗ್ಗೆ ತಿಳಿಯಿತು. ನಿಮಿಷ ನಿಮಿಷಕ್ಕೂ ಇಳಿಯುವ ಬೆಳಕಿಗೆ ಅಂತಹ ಅಳತೆಯಿಂದ ಪ್ರಯೋಜನವಿಲ್ಲ. ಅಂತರಜಾಲದಿಂದ ಗಡಿಯಾರವನ್ನು ಸರಿಪಡಿಸಿಕೊಂಡು, ಪ್ರತಿ ಚಿತ್ರದ ಮಧ್ಯಬಿಂದುವನ್ನು ವಿಶ್ವಸಮಯದಲ್ಲಿ ಬರೆದಿಡಿ. ಹೊಸ ಚುಕ್ಕೆ ಕಂಡರೆ ಹಳೆಯ ಆಕಾಶ ಸಮೀಕ್ಷೆಯ ಚಿತ್ರದೊಂದಿಗೆ ಹೋಲಿಸಿ, ಹಾದುಹೋಗುವ ಕ್ಷುದ್ರಗ್ರಹವಲ್ಲವೆಂದು ಖಚಿತಪಡಿಸಿಕೊಳ್ಳಿ. ಸ್ಫೋಟದ ಒಂದು ಗಂಟೆಗೆ ತೆಗೆದ ಚಿತ್ರಕ್ಕೂ ಎರಡು ಗಂಟೆಗೆ ತೆಗೆದದ್ದಕ್ಕೂ ಸುಮಾರು ಮುಕ್ಕಾಲು ಕಾಂತಿಮಾನದ ಇಳಿತ ಕಂಡರೆ ನಂಬಿಕೆ ಗಟ್ಟಿಯಾಗುತ್ತದೆ.

ಏನೂ ಕಾಣದಿದ್ದರೂ ಚಿತ್ರಗಳನ್ನು ಅಳಿಸಬೇಡಿ. ಈ ಹೊತ್ತಿಗೆ, ಈ ಫಿಲ್ಟರ್‌ನಲ್ಲಿ, ಇಷ್ಟನೇ ಕಾಂತಿಮಾನದವರೆಗೆ ಅಲ್ಲಿ ಏನೂ ಇರಲಿಲ್ಲ ಎಂಬ ಮಾತನ್ನು ವೃತ್ತಿಪರರೂ ಸುತ್ತೋಲೆಗಳಲ್ಲಿ ಪ್ರಕಟಿಸುತ್ತಾರೆ.

ಮಲೆನಾಡಿನ ರಾತ್ರಿ:

ಬಹಳ ಉಪಕಾರವಾಯಿತು. ಮೋಡ ಬಿಟ್ಟ ಮೊದಲ ರಾತ್ರಿ, ಗಡಿಯಾರ ಸರಿಪಡಿಸಿಕೊಂಡು, ಶ್ರವಣದ ಉತ್ತರದ ಅದೇ ಜಾಗವನ್ನು ಕೆಂಪು ಫಿಲ್ಟರ್‌ನಲ್ಲಿ 60 ಸೆಕೆಂಡಿನ ಹದಿನೈದು ಚಿತ್ರಗಳಾಗಿ ತೆಗೆಯುತ್ತೇನೆ. ನಮ್ಮ ಅಂಗಳದಿಂದ ಎಷ್ಟನೇ ಕಾಂತಿಮಾನದವರೆಗೆ ಎಟುಕುತ್ತದೆ ಎಂಬುದನ್ನು ಅಳೆದು ಇಲ್ಲಿಯೇ ತಿಳಿಸುತ್ತೇನೆ.